ಬಡ್ಡಿ ಇಳಿದರೆ ಷೇರು ಏರುತ್ತದೆಯೇ?

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ.

ಬಡ್ಡಿ ಇಳಿದಿದೆ, ಠೇವಣಿ ಮುರಿಸಿ ಷೇರಿಗೆ ಹಾಕಲೇ ಎಂದು ಕೇಳಿದ್ದೀರಿ. ಹತ್ತು ವರ್ಷದ ನಂತರ ಬರುವ 100 ರೂಪಾಯಿಗೆ ಶೇ 8ರ ಬಡ್ಡಿಯಲ್ಲಿ ಇವತ್ತಿನ ಬೆಲೆ 46, ಶೇ 5ರಲ್ಲಿ 61. ಬಡ್ಡಿ ಇಳಿದಾಗ ಷೇರು ಏರುವುದು ಈ ಲೆಕ್ಕದಿಂದಲೇ. ಆದರೆ ಆ 100 ಬಂದೇ ಬರುತ್ತದೆ ಎಂದು ಇಲ್ಲಿ ಹಿಡಿದುಕೊಂಡಿದ್ದೇವೆ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್) ತನ್ನ ಬಡ್ಡಿ ದರವನ್ನು 2007ರ ಸೆಪ್ಟೆಂಬರಿನಲ್ಲಿ ಶೇ 5.25ರಿಂದ ಇಳಿಸತೊಡಗಿ 2008ರ ಡಿಸೆಂಬರಿಗೆ ಸೊನ್ನೆಯ ಹತ್ತಿರ ತಂದಿತು. ಪೇಟೆ ತಳ ಮುಟ್ಟಿದ್ದು ಮಾತ್ರ 2009ರ ಮಾರ್ಚಿನಲ್ಲಿ. ಕಂಪನಿಗಳ ಗಳಿಕೆ ಕುಸಿಯುವಾಗ ಗಾಬರಿಯಿಂದ ಇಳಿಸಿದ ದರವೇ ಬೇರೆ, ಹಣದುಬ್ಬರ ತಗ್ಗಿತೆಂದು ಇಳಿಸಿದ ದರವೇ ಬೇರೆ.

ದರಕ್ಕಿಂತ ವ್ಯವಸ್ಥೆಯಲ್ಲಿ ಓಡಾಡುವ ಹಣ ಎಷ್ಟಿದೆ ನೋಡಿ. ಮೊದಲು ಅಮೆರಿಕದ ಉದಾಹರಣೆ. ಫೆಡ್ ಪ್ರತಿ ಗುರುವಾರ ಎಚ್.4.1 ಎಂಬ ಲೆಕ್ಕಪಟ್ಟಿ ಹೊರಡಿಸುತ್ತದೆ. ಅದರಲ್ಲಿ ಮೂರು ಸಾಲು ಸಾಕು. ಫೆಡ್‌ನ ಒಟ್ಟು ಆಸ್ತಿಯಿಂದ, ಅಲ್ಲಿರುವ ಸರ್ಕಾರದ ಖಜಾನೆ ಖಾತೆಯ ಹಣವನ್ನೂ, ಹಣಪೇಟೆ ಫಂಡ್‌ಗಳು ರಿವರ್ಸ್ ರೆಪೊದಲ್ಲಿ, ಅಂದರೆ ಒಂದು ರಾತ್ರಿಗೆಂದು ಬಡ್ಡಿಗೆ ಫೆಡ್‌ನಲ್ಲೇ, ಇಟ್ಟಿರುವುದನ್ನೂ ಕಳೆಯಿರಿ. ಆ ಎರಡರಲ್ಲಿ ಕೂತ ಹಣ ಬ್ಯಾಂಕುಗಳ ಕೈಗೆ ಸಿಗದು.

2022ರ ಕೊನೆಯಲ್ಲಿ ಲೆಕ್ಕ ಸುಮಾರು ಹೀಗಿತ್ತು: 8.55 ಲಕ್ಷ ಕೋಟಿ ಡಾಲರಿನಲ್ಲಿ 0.45 ಮತ್ತು 2.55 ಕಳೆದರೆ 5.55. ಮರುವರ್ಷದ ಕೊನೆಗೆ 7.7ರಲ್ಲಿ 0.75 ಮತ್ತು 1.0 ಹೋಗಿ 5.95. ಫೆಡ್ ತಾನು ಕೊಂಡಿದ್ದ ಸಾಲಪತ್ರ ಕಡಿಮೆ ಮಾಡುತ್ತ ಹಣ ಹಿಂತೆಗೆಯುತ್ತಲೇ ಇತ್ತು, ಉಳಿಕೆ ಮಾತ್ರ ಹೆಚ್ಚಿತು. ಆ ವರ್ಷ ಅಮೆರಿಕದ ಷೇರು ಸೂಚ್ಯಂಕ ಎಸ್ ಆಂಡ್ ಪಿ 500 ಶೇ 24 ಏರಿತು. 2023ರ ಜೂನಿನಲ್ಲಿ ಸರ್ಕಾರ ಎಷ್ಟು ಸಾಲ ಮಾಡಬಹುದೆಂಬ ಮಿತಿಯ ತಕರಾರು ಮುಗಿದ ಮೇಲೆ ಅಲ್ಲಿನ ಸರ್ಕಾರ ರಾಶಿ ರಾಶಿ ಖಜಾನೆ ಬಿಲ್ (ಅಲ್ಪಾವಧಿ ಸಾಲಪತ್ರ) ಮಾರಿತು, ಫಂಡ್‌ಗಳು ರಿವರ್ಸ್ ರೆಪೊದಿಂದ ಹಣ ತೆಗೆದು ಅವನ್ನು ಕೊಂಡವು. ಸರ್ಕಾರ ಅದನ್ನು ಖರ್ಚು ಮಾಡಿದಂತೆ ಹಣ ಬ್ಯಾಂಕುಗಳಿಗೆ ಬಂತು. ಏರಿಕೆಗೆ ಇದೊಂದೇ ಕಾರಣವಲ್ಲ, ಗಳಿಕೆಯ ನಿರೀಕ್ಷೆಯೂ ಇತ್ತು ಅನ್ನಿ. ರಿವರ್ಸ್ ರೆಪೊದ ಆ ಗಂಟು ಕರಗಿದ ಮೇಲೆ ಹಿಂತೆಗೆತದ ಹೊರೆ ನೇರ ಬ್ಯಾಂಕುಗಳು ಫೆಡ್‌ನಲ್ಲಿಟ್ಟ ಮೀಸಲಿನ ಮೇಲೆ ಬೀಳತೊಡಗಿತು. 2025ರ ಡಿಸೆಂಬರ್ 1ಕ್ಕೆ ಫೆಡ್ ಹಿಂತೆಗೆತ ನಿಲ್ಲಿಸಿತು.

ಒಂದು ವಾರದ ಅಂಕಿ ನೋಡಿ ಹೆದರಬೇಡಿ. ಏಪ್ರಿಲ್ ಮಧ್ಯದಲ್ಲಿ ತೆರಿಗೆ ಬಂದು ಖಜಾನೆ ಖಾತೆ ಉಬ್ಬುತ್ತದೆ, ವರ್ಷದ ಕೊನೆಗೆ ರಿವರ್ಸ್ ರೆಪೊ ಉಬ್ಬುತ್ತದೆ. ನಾಲ್ಕು ವಾರದ ಸರಾಸರಿ ಹಿಡಿಯಿರಿ.

ನಮ್ಮಲ್ಲೂ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಮುಂಗಡ ತೆರಿಗೆ ಬ್ಯಾಂಕುಗಳಿಂದ ಹಣ ಎಳೆಯುತ್ತದೆ. ರೂಪಾಯಿ ಹಿಡಿದು ನಿಲ್ಲಿಸಲು ರಿಸರ್ವ್ ಬ್ಯಾಂಕ್ ಡಾಲರ್ ಮಾರಿದರೂ ಅಷ್ಟು ರೂಪಾಯಿ ವ್ಯವಸ್ಥೆಯಿಂದ ಹೊರಬಿದ್ದಂತೆಯೇ. 2025ರಲ್ಲಿ ಸಿಆರ್‌ಆರ್, ಅಂದರೆ ಬ್ಯಾಂಕುಗಳು ತಮ್ಮ ಠೇವಣಿಯಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕಾದ ಪಾಲು, ಶೇ 4ರಿಂದ 3ಕ್ಕೆ ನಾಲ್ಕು ಕಂತಿನಲ್ಲಿ ಇಳಿದಾಗ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಬಿಡುಗಡೆಯಾಯಿತು. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರದ ಕಡಿತದಷ್ಟು ದೊಡ್ಡ ಸುದ್ದಿ ಅದಾಗಲಿಲ್ಲ, ಆಗಬೇಕಿತ್ತು.

ಠೇವಣಿ ಸದ್ಯ ಮುಟ್ಟಬೇಡಿ. ಐದು ವರ್ಷದೊಳಗೆ ಬೇಕಾಗುವ ಹಣವಂತೂ ಷೇರಿಗೆ ಬೇಡವೇ ಬೇಡ. ರಿಸರ್ವ್ ಬ್ಯಾಂಕಿನ ದಿನದ ಹಣಪೇಟೆ ಪ್ರಕಟಣೆಯಲ್ಲಿ ಕಾಲ್ ಮನಿಯ, ಅಂದರೆ ಬ್ಯಾಂಕುಗಳು ಒಂದು ದಿನಕ್ಕೆ ಪರಸ್ಪರ ಕೊಡುವ ಸಾಲದ, ಸರಾಸರಿ ದರ ಇರುತ್ತದೆ. ಅದು ವಾರಗಟ್ಟಲೆ ರೆಪೊಗಿಂತ ಮೇಲಿದ್ದರೆ, ದರ ಇಳಿದಿದ್ದರೂ ಹಣ ಬಿಗಿಯಾಗಿಯೇ ಇದೆ ಎಂದು ತಿಳಿಯಿರಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗ