ಮೊನಾಕಸಿ ಹೊಳೆಯ ಹುಡುಗ

ಫ್ರೆಡರಿಕ್, ಮೇರಿಲ್ಯಾಂಡ್, ಅಮೆರಿಕ

ಪ್ರೀತಿಯ ಅಣ್ಣನಿಗೆ ನಿನ್ನ ತಮ್ಮನ ನಮಸ್ಕಾರಗಳು.

ನಾನು ಕ್ಷೇಮವಾಗಿದ್ದೇನೆ. ಮಳೆಗಾಲದ 61 ದಿನಗಳ ನಿಷೇಧದಿಂದಾಗಿ ಮಲ್ಪೆಯ ಬೋಟುಗಳೆಲ್ಲ ದಕ್ಕೆಯಲ್ಲೇ ನಿಂತಿರುವ ಈಗ ನಿನಗೆ ಓದಲು ಬಿಡುವಿರುತ್ತದೆಂದು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಾನಿರುವ ಈ ಊರಿನಲ್ಲಿ 1925ರಲ್ಲಿ ಹುಟ್ಟಿದ ಬರ್ನಾರ್ಡ್ ವಿಕ್ಟರ್ ಕ್ರೇ ಎಂಬವರು ಮುಂದೆ ಗಾಳದ ಮೀನುಗಾರಿಕೆಯಲ್ಲಿ ಬಹಳ ಹೆಸರು ಮಾಡಿದರು; ಎಡಗೈಯವರಾದ್ದರಿಂದ ಎಲ್ಲರಿಗೂ ಅವರು ‘ಲೆಫ್ಟಿ’. ಅವರಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ದೇಶಕ್ಕೆ ದೇಶವೇ ಕೆಲಸವಿಲ್ಲದೆ ಕುಳಿತಿದ್ದ ಆ ದಿನಗಳಲ್ಲಿ ನಾಲ್ಕು ಮಕ್ಕಳ ತಾಯಿ ಸರಕಾರದ ನೆರವಿನ ಮೇಲೆ ಸಂಸಾರ ನಡೆಸಬೇಕಾಯಿತು. ಇದನ್ನು ತಿಳಿದಾಗ ನನಗೆ ಮೊದಲು ನೆನಪಾದದ್ದು ಅಪ್ಪ ಹೋದ ವರ್ಷದ ನಮ್ಮ ಮನೆ.

ಆ ಹುಡುಗನ ಆಧಾರ ಊರ ಪಕ್ಕದ ಮೊನಾಕಸಿ ಹೊಳೆ. ದಡದ ಮರಗಳ ಕೊಂಬೆಗಳು ನೀರಿನ ಮೇಲೆ ಬಾಗಿರುವಲ್ಲಿ ಒಂದೊಂದು ಕೊಂಬೆಗೂ ಗಾಳದ ದಾರ ಕಟ್ಟಿ, ರಾತ್ರಿಯಲ್ಲಿ ದೋಣಿಯಲ್ಲಿ ಹೋಗಿ ಸಿಕ್ಕಿದ ಮೀನನ್ನು ಬಿಡಿಸಿಕೊಂಡು ಬರುವುದು ಅವನ ಕ್ರಮ. ಮೀನು ಎಷ್ಟೇ ಎಳೆದಾಡಿದರೂ ಹಸಿ ಕೊಂಬೆ ಬಳುಕುತ್ತದೆಯೇ ಹೊರತು ದಾರ ತುಂಡಾಗುವುದಿಲ್ಲ. ಈ ಉಪಾಯದ ಬೆಲೆ ನಿನಗೆ ಹೇಳಬೇಕಾಗಿಲ್ಲ. ಸಿಗುತ್ತಿದ್ದದ್ದು ನಮ್ಮ ಮುಗುಡಿನಂತೆ ಮೀಸೆಯಿರುವ ಮೀನು. ಅದನ್ನು ಮಾರಿದ ಹಣದಿಂದಲೇ ಶಾಲೆಗೆ ಬೇಕಾದ ಬಟ್ಟೆಬರೆ ಬರುತ್ತಿತ್ತು.

ಎರಡನೆಯ ಮಹಾಯುದ್ಧಕ್ಕೆ ಹೋಗಿ ಯುರೋಪಿನಲ್ಲಿ ಹೋರಾಡಿ ಬಂದ ಮೇಲೆ, 1947ರಲ್ಲಿ, ಜೋ ಬ್ರೂಕ್ಸ್ ಎಂಬ ಹಿರಿಯ ಮೀನುಗಾರರನ್ನು ಲೆಫ್ಟಿ ಪೊಟೊಮ್ಯಾಕ್ ನದಿಗೆ ಕರೆದೊಯ್ದರು. ರೆಕ್ಕೆಯಿರುವೆಗಳು ಹೊಳೆಯ ಮೇಲೆ ಉದುರುತ್ತಿದ್ದು, ಅವನ್ನು ತಿನ್ನಲು ಮೀನುಗಳು ಮೇಲೆದ್ದಲ್ಲೆಲ್ಲ ಬ್ರೂಕ್ಸ್ ಗರಿ ಕಟ್ಟಿದ ಗಾಳವನ್ನು ಬೀಸಿ ಒಂದೊಂದಾಗಿ ಹಿಡಿದರಂತೆ. ಮರುದಿನವೇ ಲೆಫ್ಟಿ ಬಾಲ್ಟಿಮೋರಿಗೆ ಹೋಗಿ ಅಂಥದೇ ಕೋಲು, ದಾರ ಕೊಂಡರು. ಆಗ ಅವರಿಗೆ ಇಪ್ಪತ್ತೆರಡು ವರ್ಷ.

ಆ ಹೊಸ ಕೋಲಿಗಿಂತ ಕೊಂಬೆಗೆ ಕಟ್ಟಿದ ದಾರವೇ ನನ್ನನ್ನು ಹೆಚ್ಚು ಕಾಡುತ್ತಿದೆ. ನೀನು ಎಂಟನೆಯ ತರಗತಿಗೆ ಶಾಲೆ ಬಿಟ್ಟು ಉದ್ಯಾವರ ಹೊಳೆಗೆ ಇಳಿದದ್ದರಿಂದ ನನ್ನ ಫೀಸು ಕಟ್ಟಿದ್ದು. ಹಾಗಿದ್ದೂ ಮನೆಗೆ ಬಂದವರೆದುರು ನೀನು, ‘ನನಗೆ ಮೀನು ಹಿಡಿಯುವುದು ಬಿಟ್ಟು ಬೇರೇನೂ ಗೊತ್ತಿಲ್ಲ’ ಎನ್ನುತ್ತೀ. ದಯವಿಟ್ಟು ಇನ್ನು ಮುಂದೆ ಆ ಮಾತನ್ನು ಆಡಬೇಡ, ಅದರಲ್ಲಿಯೂ ಪುಟ್ಟನ ಎದುರಿನಲ್ಲಿ.

ಈ ಪತ್ರದೊಂದಿಗೆ ಲೆಫ್ಟಿಯವರು ರೂಪಿಸಿದ ‘ಡಿಸೀವರ್’ ಎಂಬ ಗಾಳವೊಂದನ್ನು ಇಟ್ಟಿದ್ದೇನೆ. ನೀರಿನಲ್ಲಿ ಎಳೆದರೆ ಅದು ಸಣ್ಣ ಮೀನು ಈಜಿದಂತೆ ಕಾಣುತ್ತದೆ. ಮಳೆ ಇಳಿದ ಮೇಲೆ ಪುಟ್ಟನನ್ನು ಕರೆದುಕೊಂಡು ಅಳಿವೆಯ ಬಳಿ ಇದನ್ನು ಬೀಸಿ ನೋಡಿ, ಏನು ಸಿಕ್ಕಿತೆಂದು ಅವನ ಕೈಯಿಂದಲೇ ಬರೆಸು. ಅಮ್ಮನಿಗೂ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ತಮ್ಮ