ರಾಗಿಗೆ ಕಂಪನಿ ಬರಲಿಲ್ಲವೇಕೆ?

ಮಾನ್ಯ ಸಂಪಾದಕರೇ,

ಲಾಭದ ಆಸೆಯಿಲ್ಲದೆ ಹೊಸ ಶೋಧ ಹುಟ್ಟದು ಎಂದು ವಾದಿಸುವವರು ರಾಗಿಯ ಚರಿತ್ರೆಯನ್ನೊಮ್ಮೆ ನೋಡಬೇಕು. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಹಾಗೂ ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದ್ದು ಸರ್ಕಾರಿ ಸಂಬಳದಲ್ಲಿ. ಹೊಸ ತಳಿ ರೂಪಿಸಿದವರಿಗೆ ಅದರ ಮೇಲೆ ಹಕ್ಕು ಕೊಡುವ ತಳಿಹಕ್ಕಿನ ಕಾಯ್ದೆ ನಮ್ಮಲ್ಲಿ ಬಂದದ್ದೇ ಎಷ್ಟೋ ಕಾಲದ ಮೇಲೆ, 2001ರಲ್ಲಿ. ರಾಗಿಯ ಹೂವು ತೀರಾ ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದ್ದು, ಆದ್ದರಿಂದ ಅದರಲ್ಲಿ ಸಂಕರ ಮಾಡುವುದು ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸ. ತನ್ನೊಳಗೇ ಪರಾಗಸ್ಪರ್ಶವಾಗುವ ಅದೇ ಗುಣದಿಂದಾಗಿ ತಳಿ ಬದಲಾಗದು; ರೈತ ಒಮ್ಮೆ ತಂದ ಬೀಜವನ್ನು ಕಣದಲ್ಲೇ ಆರಿಸಿಟ್ಟುಕೊಂಡು ಮುಂದಿನ ಮುಂಗಾರಿಗೂ ಬಿತ್ತಬಲ್ಲ, ನೆಂಟರಿಗೂ ಒಂದೆರಡು ಸೇರು ಕೊಡಬಲ್ಲ. ಪ್ರತಿವರ್ಷ ಮಾರಲಾಗದ ಬೀಜಕ್ಕೆ ಯಾವ ಕಂಪನಿ ಹಣ ಹೂಡೀತು?

ಮುಸುಕಿನ ಜೋಳದ ಹೈಬ್ರಿಡ್ ಬೀಜದಲ್ಲಿ ಖಾಸಗಿಯವರು ಒಳ್ಳೆಯ ಕೆಲಸ ಮಾಡಿದ್ದಾರೆ, ಅದನ್ನು ಅಲ್ಲಗಳೆಯಲಾಗದು. ಹೈಬ್ರಿಡ್ ಬೆಳೆಯಿಂದ ಎತ್ತಿಟ್ಟ ಬೀಜ ಮೊದಲಿನಷ್ಟು ಇಳುವರಿ ಕೊಡದ ಕಾರಣ ಅಲ್ಲಿ ರೈತ ವರ್ಷವರ್ಷವೂ ಅಂಗಡಿಗೆ ಹೋಗಲೇಬೇಕಲ್ಲ! ಬೆಂಕಿರೋಗ ತಡೆದುಕೊಳ್ಳುವ ಜಿಪಿಯು-28 ರಾಗಿ ಕೂಡ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೊಡುಗೆಯೇ. ಆದಕಾರಣ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ತಳಿವಿಜ್ಞಾನಿಗಳ ಹುದ್ದೆಗಳನ್ನು ಖಾಲಿ ಬಿಡದೆ, ಬೀಜ ಮಾರಾಟದಿಂದ ಬರುವ ಆದಾಯ ನೋಡಿ ಅನುದಾನ ಕತ್ತರಿಸದೆ ಇರುವುದು ಸರ್ಕಾರದ ಹೊಣೆ.

– ಒಬ್ಬ ರಾಗಿ ಬೆಳೆಗಾರ, ಮಾಗಡಿ