ಈಜುಕೊಳವಿರುವ ಮನೆ: ಮೊದಲು ಬೇಲಿ, ಆಮೇಲೆ ಬಾಡಿಗೆ

ಮಾನ್ಯ ನಗರಾಭಿವೃದ್ಧಿ ಸಚಿವರಿಗೆ,

2024ರ ನವೆಂಬರ್‌ನಲ್ಲಿ ಉಳ್ಳಾಲದ ಬಳಿ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡಾಗ ರೆಸಾರ್ಟ್‌ಗಳ ಬಗ್ಗೆ ಚರ್ಚೆಯಾಯಿತು. ನಾವು ಬರೆಯುತ್ತಿರುವುದು ಅದಕ್ಕಿಂತ ಚಿಕ್ಕ ಕೊಳಗಳ ಬಗ್ಗೆ: ವಿಲ್ಲಾ, ತೋಟದ ಮನೆ, ವಾರಾಂತ್ಯಕ್ಕೆ ಬಾಡಿಗೆಗೆ ಬಿಡುವ ಮನೆಗಳಲ್ಲಿರುವಂಥವು.

ಎರಡು ವರ್ಷದ ಮಗು ನೀರಿಗೆ ಬಿದ್ದರೆ ಹೆಚ್ಚಾಗಿ ಕೂಗುವುದೂ ಇಲ್ಲ, ಕೈಕಾಲು ಬಡಿದ ಸದ್ದೂ ಬರುವುದಿಲ್ಲ. ಅಡುಗೆಮನೆಯಲ್ಲಿದ್ದವರಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. 'ಮಕ್ಕಳ ಮೇಲೆ ನಿಗಾ ಇರಲಿ' ಎಂಬ ಬೋರ್ಡು ಸಾಲದು, ಬೇಲಿಯೇ ಬೇಕು.

ಬೇಲಿ ಹೇಗಿರಬೇಕೆಂದು ನಾವು ಹೊಸದಾಗಿ ಲೆಕ್ಕ ಹಾಕಬೇಕಿಲ್ಲ. ಆಸ್ಟ್ರೇಲಿಯಾದ ಮಾನದಂಡ ಹೀಗಿದೆ: ಎತ್ತರ ಕನಿಷ್ಠ 1.2 ಮೀಟರ್, ಬೇಲಿಯಡಿಯ ಸಂದೂ ಕಂಬಿಗಳ ನಡುವಿನ ಸಂದೂ 10 ಸೆಂ.ಮೀ. ಮೀರಬಾರದು. ಗೇಟಿನ ಚಿಲಕ ನೆಲದಿಂದ ಒಂದೂವರೆ ಮೀಟರ್ ಮೇಲಿರಬೇಕು. ಗೇಟು ಕೊಳದಿಂದ ಹೊರಮುಖವಾಗಿ ತೆರೆಯಬೇಕು. ಚಿಲಕ ಸರಿಯಾಗಿ ಬೀಳದಿದ್ದರೂ ಹೊರಗಿನಿಂದ ಮಗು ತಳ್ಳಿದರೆ ಗೇಟು ಮುಚ್ಚಿಕೊಳ್ಳುತ್ತದೆಯೇ ಹೊರತು ತೆರೆದುಕೊಳ್ಳುವುದಿಲ್ಲ.

ಕೆಡುವುದೂ ಗೇಟೇ. ಕ್ಲೋರಿನ್ ಗಾಳಿಗೆ ಹಿಂಜಿನ ಸ್ಪ್ರಿಂಗು ತುಕ್ಕು ಹಿಡಿದು ಸಡಿಲವಾಗುತ್ತದೆ, ಗೇಟು ಒಂದೆರಡು ಮಿಲಿಮೀಟರ್ ಜಗ್ಗುತ್ತದೆ, ಚಿಲಕದ ನಾಲಿಗೆ ಗಾಳಕ್ಕೆ ಸಿಗುವುದಿಲ್ಲ. ದೂರದಿಂದ ನೋಡಿದರೆ ಮುಚ್ಚಿದಂತೆಯೇ ಕಾಣುತ್ತದೆ. ಪೂರ್ತಿ ತೆರೆದು ಒಮ್ಮೆ, ಐದು ಸೆಂ.ಮೀ. ಮಾತ್ರ ತೆರೆದು ಇನ್ನೊಮ್ಮೆ ಕೈಬಿಟ್ಟು ನೋಡಬೇಕು. ಎರಡು ಸಲವೂ ತಾನಾಗಿ ಮುಚ್ಚಿ ಚಿಲಕ ಬಿದ್ದರೆ ಮಾತ್ರ ಪಾಸು. ಬೇಲಿಗೆ ಒರಗಿಸಿದ ಕುರ್ಚಿ, ಹೂಕುಂಡ, ಪಂಪಿನ ಪೆಟ್ಟಿಗೆ ಮಗುವಿಗೆ ಏಣಿಯಾಗುತ್ತವೆ. ಬೇಲಿಯಿಂದ 90 ಸೆಂ.ಮೀ. ದೂರದೊಳಗೆ ಹತ್ತಲು ಆಸರೆಯಾಗುವಂಥದ್ದು ಏನೂ ಇರಕೂಡದು. ಪಾರ್ಟಿ ದಿನ ಗೇಟಿಗೆ ಹಗ್ಗ ಕಟ್ಟಿ ತೆರೆದಿಡುವವರಿಗಂತೂ ಏನು ಹೇಳುವುದೋ!

ಕರೆಂಟಿನ ಮಾತೂ ಇದೆ. ನೀರೊಳಗಿನ ದೀಪ 12 ವೋಲ್ಟ್‌ನದೇ ಆಗಿರಬೇಕು, ಪಂಪಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಬೇಕು. ಅದರ ಟೆಸ್ಟ್ ಗುಂಡಿ ಒತ್ತಿ ಟ್ರಿಪ್ ಆಗುತ್ತದೆಯೇ ಎಂದು ಆಗಾಗ ನೋಡಬೇಕು. ತಳದಲ್ಲಿ ಒಂದೇ ಡ್ರೇನ್ ಇದ್ದು ಜಾಲರಿ ಮುರಿದಿದ್ದರೆ, ಪಂಪು ಕೂದಲನ್ನು ಎಳೆದು ಹಿಡಿದುಬಿಡುತ್ತದೆ.

ಹೊಣೆ ಯಾರದು? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2016ರಿಂದ ಕೊಳವಿರುವ ಮನೆಯನ್ನು ಬಾಡಿಗೆಗೆ ಕೊಡಲು ಬೇಲಿ ನಿಯಮದಂತಿದೆ ಎಂಬ ಪ್ರಮಾಣಪತ್ರ ಬೇಕು, ಅದರ ಅವಧಿ ಮೂರು ವರ್ಷ. ಇಲ್ಲೂ ಬೇಲಿ, ಹಿಂಜು, ವೈರಿಂಗ್ ಮಾಲೀಕರ ಪಾಲಿಗಿರಲಿ. ಗೇಟು ಮುಚ್ಚಿಡುವುದು, ಕೆಟ್ಟ ಕೂಡಲೇ ತಿಳಿಸುವುದು ಬಾಡಿಗೆದಾರರ ಪಾಲಿಗೆ. ಇದನ್ನು ಬಾಡಿಗೆ ಕರಾರಿನಲ್ಲೇ ಬರೆಯಿಸಿ. ಎರಡು ದಿನಕ್ಕೆ ಬಂದ ಅತಿಥಿಗಳ ಮೇಲೆ ಮಾತ್ರ ಏನನ್ನೂ ಹೊರಿಸಬೇಡಿ, ಅಲ್ಲಿ ಪೂರ್ತಿ ಹೊಣೆ ಮಾಲೀಕರದೇ. ಹೋಂಸ್ಟೇ ನೋಂದಣಿ ಪ್ರವಾಸೋದ್ಯಮ ಇಲಾಖೆಯದಾದ್ದರಿಂದ ಅವರೊಡನೆ ಕೂತು ಎರಡೂ ಕಡೆಗೆ ಒಂದೇ ಅಳತೆ ಗೊತ್ತುಮಾಡಿ. ತಪಾಸಣೆಗೆ ಬರುವವರು ಟೇಪು ಹಿಡಿದು ಅಳೆಯಲಿ, ಫೋಟೊ ನೋಡಿ ಸಹಿ ಹಾಕುವುದು ಬೇಡ.

ಇಂತಿ,
ಈಜುಕೊಳ ನಿರ್ಮಾಣ ಮತ್ತು ನಿರ್ವಹಣೆಯ ಕೆಲಸದವರು